800 ಪದಗಳಲ್ಲಿ ಅರ್ಜಿ ಅಕ್ಕ

ನಮ್ಮ ಬೀದಿಯಲ್ಲಿ ಅವರ ಹೆಸರು ಹಿಡಿದು ಕೇಳಿದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಅರ್ಜಿ ಅಕ್ಕ ಅಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಾರೆ. ಹೆಸರು ಬರೆಯಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ನಾನೂ ಅಕ್ಕ ಅಂತಲೇ ಬರೆಯುತ್ತೇನೆ. ವಯಸ್ಸು 63. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮನೆಯಲ್ಲೇ ಬ್ಲೌಸ್ ಹೊಲಿದು ಜೀವನ. ವಿಧವಾ ವೇತನ, ಸಂಧ್ಯಾ ಸುರಕ್ಷಾ, ಅಂಗವಿಕಲರ ಮಾಸಾಶನ, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು, ಜಾತಿ ಆದಾಯ ಪ್ರಮಾಣಪತ್ರ, ಯಾವುದೇ ಇರಲಿ, ಯಾವ ಕಾಗದ ಬೇಕು, ಯಾವ ಕೌಂಟರಿಗೆ ಹೋಗಬೇಕು, ಅಲ್ಲಿ ನಾಳೆ ಬಾ ಅಂದರೆ ತಿರುಗಿ ಏನು ಕೇಳಬೇಕು, ಎಲ್ಲ ಅವರಿಗೆ ಗೊತ್ತು. ಸುಮ್ನೆ ಹೇಳಿ ಕಳಿಸುವವರಲ್ಲ. ಜೊತೆಗೆ ಹೋಗುತ್ತಾರೆ. ಯಾರ ಹತ್ತಿರವೂ ದುಡ್ಡು ಮುಟ್ಟುವುದಿಲ್ಲ.

ಶುರುವಾಗಿದ್ದು 1998ರಲ್ಲಿ. ಗಂಡ ತೀರಿಕೊಂಡ ಮೇಲೆ ತಮ್ಮದೇ ವಿಧವಾ ವೇತನಕ್ಕೆ ಒಂದು ಕಚೇರಿಗೆ ಒಂಬತ್ತು ಸಲ ಅಲೆದರಂತೆ. ಹೋದಾಗಲೆಲ್ಲ ಒಂದೊಂದು ಕಾಗದ ಕಡಿಮೆ. "ಏನೇನು ಬೇಕು ಅಂತ ಮೊದಲ ದಿನವೇ ಒಂದು ಚೀಟಿಲಿ ಬರೆದು ಕೊಟ್ಟಿದ್ದರೆ ನಾನು ಎರಡು ಸಲಕ್ಕೆ ಮುಗಿಸ್ತಿದ್ದೆ" ಅಂತ ಈಗಲೂ ಹೇಳುತ್ತಾರೆ. ಹತ್ತನೇ ಸಲಕ್ಕೆ ಮಂಜೂರಾಯಿತು. ಮನೆಗೆ ಬಂದು ಆ ಚೀಟಿಯನ್ನು ತಾವೇ ಬರೆದರು. ಹಿಂದಿನ ಬೀದಿಯಲ್ಲಿ ಗಂಡನನ್ನು ಕಳೆದುಕೊಂಡ ಇನ್ನೊಬ್ಬ ಹೆಂಗಸಿಗೆ ಕೊಟ್ಟು, ಅವಳ ಜೊತೆ ತಾವೂ ಹೋದರು. ಅಲ್ಲಿಂದ ಇಲ್ಲಿವರೆಗೆ ನಿಂತಿಲ್ಲ.

ನಮ್ಮ ಮನೆಗೂ ಅವರು ಬಂದಿದ್ದರು. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಕೊಟ್ಟರಲ್ಲ, ನಮ್ಮ ಬೀದಿಯ ಎಷ್ಟೋ ಹೆಂಗಸರಿಗೆ 2,000 ರೂಪಾಯಿ ಬಂತು, ನಮ್ಮ ಅತ್ತೆಗೆ ಬರಲಿಲ್ಲ. ನೋಡಿದರೆ ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯೇ ಆಗಿಲ್ಲ. ಅಕ್ಕ ಮೂರು ದಿನ ಬಂದರು. ಮೊದಲು ಯಾವುದು ಸರಿ ಮಾಡಿಸಬೇಕು, ಆಮೇಲೆ ಯಾವುದು ಅಂತ ಒಂದು ಕ್ರಮ ಇದೆಯಂತೆ, ಅದು ತಪ್ಪಿದರೆ ಮತ್ತೆ ಮೊದಲಿಂದ. ಮೂರನೇ ದಿನ ಬ್ಯಾಂಕಿನಿಂದ ಹೊರಗೆ ಬಂದಾಗ ನಮ್ಮ ಅತ್ತೆ ಅವರ ಕೈ ಹಿಡಿದುಕೊಂಡು ಮಾತೇ ಆಡಲಿಲ್ಲ. ಅವತ್ತೇ ನನಗೆ ಅನ್ನಿಸಿದ್ದು, ಇವರಿಗೆ ಏನಾದರೂ ಮಾಡಬೇಕು ಅಂತ.

ಆದರೆ ಏನು ಮಾಡೋದು?

2024ರ ಜುಲೈನಲ್ಲಿ ನಾವು ಐದಾರು ಜನ ಹೆಂಗಸರು ಕೂತು ಮಾತಾಡುವಾಗ ಸಾಲುಮರದ ತಿಮ್ಮಕ್ಕನ ಮಾತು ಬಂತು. ಹುಲಿಕಲ್‌ನಿಂದ ಕುದೂರಿನವರೆಗೆ ರಸ್ತೆ ಬದಿಗೆ ಆಲದ ಸಸಿ ನೆಟ್ಟು, ನೀರು ಹೊತ್ತು ಬೆಳೆಸಿದ ತಾಯಿ, ಅವರಿಗೆ 2019ರಲ್ಲಿ ಪದ್ಮಶ್ರೀ ಬಂತಲ್ಲ ಅಂತ ಒಬ್ಬರು. ಅದರ ಹಿಂದಿನ ವರ್ಷ ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನಿಗೆ ಬಂದಿತ್ತು ಅಂತ ಇನ್ನೊಬ್ಬರು. ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪ್ರಶಸ್ತಿ ತಗೊಂಡ ಆ ಚಿತ್ರ ಎಲ್ಲರಿಗೂ ನೆನಪಿತ್ತು. ಆಗ ನಮ್ಮಲ್ಲಿ ಪಿಯುಸಿ ಓದುವ ಒಂದು ಹುಡುಗಿ ಕೇಳಿದಳು, "ಅವರ ಹೆಸರನ್ನೆಲ್ಲ ಯಾರು ಕಳಿಸಿದ್ದು ಆಂಟಿ?"

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅವಳೇ ಮೊಬೈಲಿನಲ್ಲಿ ನೋಡಿ ಓದಿದಳು. ಯಾರು ಬೇಕಾದರೂ ಕಳಿಸಬಹುದು. ಮಂತ್ರಿ, ಎಂಎಲ್‌ಎ ಯಾರ ಶಿಫಾರಸೂ ಬೇಕಿಲ್ಲ. ತನ್ನ ಹೆಸರನ್ನು ತಾನೇ ಕಳಿಸಲಿಕ್ಕೂ ಅವಕಾಶ ಇದೆ. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ ಅಂತ ಕೇಂದ್ರ ಸರ್ಕಾರದ್ದು ಒಂದಿದೆ, ಅಲ್ಲಿ ಮಾತ್ರ ಸಲ್ಲಿಸಬೇಕು. 2025ರ ಪ್ರಶಸ್ತಿಗೆ ಕೊನೆಯ ದಿನ 2024ರ ಸೆಪ್ಟೆಂಬರ್ 15. ಸಾಧನೆ ಏನು ಅಂತ ಹೆಚ್ಚೆಂದರೆ 800 ಪದಗಳಲ್ಲಿ ಬರೆಯಬೇಕು. ಪ್ರತಿ ವರ್ಷ ಪ್ರಧಾನಿ ಒಂದು ಸಮಿತಿ ಮಾಡುತ್ತಾರೆ, ಸಂಪುಟ ಕಾರ್ಯದರ್ಶಿ ಅದರ ಮುಖ್ಯಸ್ಥರು, ಬಂದ ಹೆಸರೆಲ್ಲ ಆ ಸಮಿತಿಯ ಮುಂದೆ ಹೋಗುತ್ತದೆ. ದುಡ್ಡು ಇರುವುದಿಲ್ಲ. ರಾಷ್ಟ್ರಪತಿ ಸಹಿ ಇರುವ ಸನ್ನದು, ಒಂದು ಪದಕ, ಅಷ್ಟೆ.

ನಮಗೆ ಪ್ರಶಸ್ತಿ ಬರುತ್ತದೆ ಅನ್ನುವ ನಂಬಿಕೆ ಇತ್ತು ಅಂತ ಹೇಳುವುದಿಲ್ಲ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ನೂರ ಚಿಲ್ಲರೆ. ಆದರೂ ಅಕ್ಕನ ಹೆಸರು ಒಂದು ಸಲ ಅಲ್ಲಿವರೆಗೆ ಹೋಗಲಿ ಅನ್ನಿಸಿತು. ಎಲ್ಲರ ಅರ್ಜಿಯನ್ನೂ ಅವರೇ ಬರೆದರು, ಅವರಿಗಾಗಿ ಯಾರೂ ಒಂದು ಅರ್ಜಿ ಬರೆದಿಲ್ಲವಲ್ಲ.

ಅವರನ್ನು ಕೇಳಲು ಹೋದಾಗ ಹೊಲಿಗೆ ಮೆಷಿನ್ ನಿಲ್ಲಿಸಲೇ ಇಲ್ಲ. "ನನಗ್ಯಾಕೆ ಕಣಮ್ಮಾ ಅದೆಲ್ಲ" ಅಂದರು. ನಾವು ಬಿಡಲಿಲ್ಲ. ಕೊನೆಗೆ ಎದ್ದು ಒಳಗೆ ಹೋಗಿ ಅಡುಗೆಮನೆಯ ಅಟ್ಟದಿಂದ ಒಂದು ಮರದ ಫಲಕ ತಂದು ನನ್ನ ಕೈಗೆ ಕೊಟ್ಟರು. ಐದಾರು ವರ್ಷದ ಹಿಂದೆ ಒಂದು ಸಂಘದವರು ಮಹಿಳಾ ದಿನಕ್ಕೆ ಕರೆದು ಸನ್ಮಾನ ಮಾಡಿದ್ದರಂತೆ. ಧೂಳು ಒರೆಸಿ ಓದಿದೆ. "ಸಮಾಜಕ್ಕೆ ಸಲ್ಲಿಸಿದ ಅನನ್ಯ ಸೇವೆಗಾಗಿ." ಮೇಲೆ ಅವರ ಹೆಸರು, ಅದರಲ್ಲೂ ಇನಿಷಿಯಲ್ ತಪ್ಪು. ಅವತ್ತು ಎಂಟು ಜನಕ್ಕೆ ಕೊಟ್ಟ ಫಲಕದಲ್ಲೂ ಅದೇ ಸಾಲು ಇತ್ತಂತೆ. ಮೂರು ಗಂಟೆ ಕೂರಿಸಿ, ಭಾಷಣ ಎಲ್ಲ ಮುಗಿದ ಮೇಲೆ, ಶಾಲು ಹೊದಿಸಿ ಫೋಟೋ ತೆಗೆದು ಕಳಿಸಿದರು. ಯಾರನ್ನು ಯಾಕೆ ಕರೆದಿದ್ದೇವೆ ಅಂತ ಮೈಕಿನಲ್ಲಿ ಒಬ್ಬರೂ ಹೇಳಲಿಲ್ಲ.

"ಇದರಲ್ಲಿ ನಾನು ಏನು ಮಾಡಿದೆ ಅಂತ ಎಲ್ಲಿದೆ, ತೋರಿಸು" ಅಂದರು ಅಕ್ಕ. ಕೋಪ ಇರಲಿಲ್ಲ ದನಿಯಲ್ಲಿ. ಬರೀ ಕೇಳಿದರು. ನಾನು ಆ ಫಲಕ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಆಮೇಲೆ ಅವರೇ ಒಂದು ಮಾತು ಹೇಳಿದರು. ಬರೆಯುವುದಾದರೆ ಸರಿಯಾಗಿ ಬರೆಯಬೇಕು. ತಾನೊಬ್ಬಳೇ ಮಾಡಿದೆ ಅಂತ ಬರೆಯಕೂಡದು. ಜೊತೆಗಿದ್ದ ಅಷ್ಟೂ ಜನರ ಹೆಸರು ಬರಬೇಕು. ಹಾಗಿದ್ದರೆ ಒಪ್ಪಿಗೆ.

ಕೆಲಸ ಶುರುವಾಯಿತು. ನನಗೆ ಗೊತ್ತಿರಲಿಲ್ಲ ಇದು ಇಷ್ಟು ದೊಡ್ಡದು ಅಂತ.

ಅಕ್ಕನ ಹತ್ತಿರ ನಾಲ್ಕು ನೋಟ್‌ಬುಕ್ ಇದ್ದವು. ಮೊದಲನೆಯದು 2004ರದ್ದು, ಅದಕ್ಕೂ ಮುಂಚಿನದು ಯಾವುದೂ ಇಲ್ಲ. ರಟ್ಟಿಗೆ ಹಳೇ ಕ್ಯಾಲೆಂಡರ್ ಹಾಳೆ ಸುತ್ತಿ ಬೈಂಡ್ ಹಾಕಿದ್ದಾರೆ. ಒಳಗೆ ಸ್ಕೇಲಿನಲ್ಲಿ ಗೆರೆ ಎಳೆದು ನಾಲ್ಕು ಕಾಲಂ. ತಾರೀಕು, ಹೆಸರು, ಕೆಲಸ, ಸ್ವೀಕೃತಿ ಸಂಖ್ಯೆ. ಕೆಲಸ ಆದರೆ ಪಕ್ಕಕ್ಕೆ ಕೆಂಪು ಪೆನ್ನಿನಲ್ಲಿ ಒಂದು ರೈಟ್ ಗುರುತು. ಕೆಲವು ಕಡೆ ಗುರುತಿಲ್ಲ, ಅಲ್ಲಿ ಸಣ್ಣ ಅಕ್ಷರದಲ್ಲಿ "ತೀರಿಕೊಂಡರು" ಅಂತ ಇದೆ. ಪಿಂಚಣಿ ಮಂಜೂರಾಗುವ ಮುಂಚೆ ಹೋದವರು. ಹಾಗೆ ಇದ್ದದ್ದು ಒಟ್ಟು 19. ಅದನ್ನು ಎಣಿಸಿದ ದಿನ ನಾವ್ಯಾರೂ ಜಾಸ್ತಿ ಮಾತಾಡಲಿಲ್ಲ.

ಎಣಿಸಿದ್ದು ನಾನು ಮತ್ತು ಆ ಪಿಯುಸಿ ಹುಡುಗಿ. ಎರಡು ಸಂಜೆ ಹಿಡಿಯಿತು. ಒಬ್ಬರದೇ ಎರಡು ಮೂರು ಕೆಲಸ ಇದ್ದರೆ ಒಂದೇ ಹೆಸರಾಗಿ ಲೆಕ್ಕ ಹಾಕಿದೆವು. ಬಂದದ್ದು 612 ಜನ. ಹೆಸರು ಇದ್ದರೆ ಸಾಕಾ? ಅವರು ಇದ್ದಾರೆ, ಕೆಲಸ ನಿಜವಾಗಿ ಆಗಿದೆ ಅಂತ ನಾವು ನೋಡಬೇಡವಾ? ಎಲ್ಲರ ಮನೆಗೆ ಹೋಗಲು ಆಗುವುದಿಲ್ಲ. ಹತ್ತಕ್ಕೆ ಒಂದು ಹೆಸರು ಆರಿಸಿಕೊಂಡು ಮನೆಮನೆಗೆ ಹೋದೆವು. ಮಳೆಗಾಲ, ಮಧ್ಯಾಹ್ನ ಬಿಡುವಾದಾಗ ಛತ್ರಿ ಹಿಡಿದು ಹೋಗುತ್ತಿದ್ದೆವು. ಕೆಲವರು ಊರು ಬಿಟ್ಟಿದ್ದರು. ಕೆಲವರು ಇರಲಿಲ್ಲ.

ಒಂದು ಮನೆ ಮರೆಯಲು ಆಗುವುದಿಲ್ಲ. ಅಜ್ಜಿಗೆ 80 ದಾಟಿರಬೇಕು. ಅರ್ಜಿ ಅಕ್ಕ ಗೊತ್ತಾ ಅಜ್ಜಿ ಅಂದೆ. ಗೋಡೆ ಗೂಡಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್. ಅದರೊಳಗೆ ಮಡಿಸಿದ ಮಂಜೂರಾತಿ ಪತ್ರ, ಮಡಿಕೆ ಇದ್ದಲ್ಲೆಲ್ಲ ಹಿಂದಿನಿಂದ ಪೇಪರ್ ಅಂಟಿಸಿದ್ದರು. ಅಜ್ಜಿಗೆ ಓದು ಬರುವುದಿಲ್ಲ. ಆದರೆ ಪತ್ರದ ಯಾವ ಸಾಲಿನಲ್ಲಿ ತನ್ನ ಹೆಸರಿದೆ ಅಂತ ಬೆರಳಿಟ್ಟು ತೋರಿಸಿದರು. "ಅವಳು ತೋರಿಸಿಕೊಟ್ಟಳು, ಇಲ್ಲಿ ನೀನಿದ್ದೀಯ ಅಂತ." ಸಂಧ್ಯಾ ಸುರಕ್ಷಾ ಪತ್ರ ಅದು. ಆ ಯೋಜನೆ ಬಂದಿದ್ದು 2007ರಲ್ಲಿ, 65 ದಾಟಿದವರಿಗೆ. ಅಜ್ಜಿಯ ವಯಸ್ಸಿಗೆ ದಾಖಲೆಯೇ ಇಲ್ಲದೆ ಎರಡು ವರ್ಷ ಅರ್ಜಿ ನಿಂತಿತ್ತು ಅಂತ ನೋಟ್‌ಬುಕ್ಕಿನಲ್ಲಿ ಇತ್ತು. ಅಲ್ಲಿಂದ ಹೊರಗೆ ಬಂದು ನಾನು ಛತ್ರಿ ಬಿಚ್ಚುವುದನ್ನೂ ಮರೆತು ನೆನೆದುಕೊಂಡೇ ನಡೆದೆ.

ಆಗಸ್ಟ್ ಕೊನೆಗೆ ನಾನು ಮೊದಲ ಸಲ ಬರೆದೆ. ಕನ್ನಡದಲ್ಲೇ ಬರೆದು ಆಮೇಲೆ ಇಂಗ್ಲಿಷಿಗೆ ಮಾಡಿಸುವುದು ಅಂತ ಮಾತಾಗಿತ್ತು, ಪಕ್ಕದ ಬೀದಿಯಲ್ಲಿ ನಿವೃತ್ತ ಕಾಲೇಜು ಮೇಷ್ಟ್ರು ಒಬ್ಬರು ಒಪ್ಪಿದ್ದರು. ಎರಡು ರಾತ್ರಿ ಕೂತು ಚೆನ್ನಾಗಿ ಬರೆದಿದ್ದೇನೆ ಅಂದುಕೊಂಡು ಅಕ್ಕನ ಹತ್ತಿರ ಹೋದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, ಹಾಳೆ ಮಡಿಸಿ, "ಈ ಅರ್ಜಿ ವಾಪಸ್ ಬರುತ್ತೆ ಕಣಮ್ಮಾ" ಅಂದರು.

ಯಾಕೆ ಅಂದೆ. ಒಂದು ಸಾಲಿನ ಮೇಲೆ ಬೆರಳಿಟ್ಟರು. "ಅನೇಕ ಬಡ ಮಹಿಳೆಯರ ಬಾಳಿಗೆ ಬೆಳಕಾಗಿದ್ದಾರೆ" ಅಂತ ಬರೆದಿದ್ದೆ.

"ಅನೇಕ ಅಂದ್ರೆ ಎಷ್ಟು? ನಿನ್ನ ಹತ್ತಿರ ಲೆಕ್ಕ ಇದೆ, ಅದನ್ನ ಬರಿ. ಬೆಳಕು ಅಂತ ಬರೆದಿದ್ದೀಯ. ಅದಕ್ಕೆ ಏನು ದಾಖಲೆ ಲಗತ್ತಿಸ್ತೀಯ? ಆ ಕಡೆ ಕೂತಿರೋರು ನನ್ನನ್ನ ನೋಡಿಲ್ಲ. ಅವರಿಗೆ ಏನಾಯ್ತು ಅಂತ ಕಾಣಬೇಕು. ಯಾವತ್ತು, ಯಾರಿಗೆ, ಯಾವ ಕೆಲಸ, ಎಷ್ಟು ದಿನ ಹಿಡೀತು. ಅಷ್ಟು ಬರಿ ಸಾಕು."

ಇಪ್ಪತ್ತಾರು ವರ್ಷ ಅರ್ಜಿ ಬರೆದವರ ಮಾತು ಅದು. ಮನೆಗೆ ಬಂದು ನಿಸ್ವಾರ್ಥ, ಅಮೂಲ್ಯ, ಅವಿರತ, ತ್ಯಾಗಮಯಿ, ಇಂಥ ಪದಗಳನ್ನೆಲ್ಲ ಹೊಡೆದು ಹಾಕಿದೆ. ಹಾಗೆ ಹೊಡೆದ ಮೇಲೆ ನನ್ನ 800 ಪದದಲ್ಲಿ ಉಳಿದದ್ದು 300 ಚಿಲ್ಲರೆ. ಆಗ ಅರ್ಥವಾಯಿತು, ನಾನು ಅವರ ಕೆಲಸವನ್ನು ಬರೆದೇ ಇರಲಿಲ್ಲ. ಅವರ ಮೇಲಿನ ನನ್ನ ಪ್ರೀತಿಯನ್ನು ಬರೆದಿದ್ದೆ. ಪ್ರೀತಿ ಇರಲಿ, ಆದರೆ ಸಮಿತಿಯವರಿಗೆ ಬೇಕಾದದ್ದು ಅದಲ್ಲ. ನಿಜ ಹೇಳಬೇಕೆಂದರೆ ಅಕ್ಕನಿಗೂ ಬೇಕಾಗಿದ್ದು ಅದಲ್ಲ. ಆ ಫಲಕದಲ್ಲಿ ಇದ್ದದ್ದೂ ಅಂಥದ್ದೇ ಪದ ತಾನೆ.

ಎರಡನೇ ಸಲ ಬರೆದಾಗ ಪ್ರತಿ ಪ್ಯಾರಾ ಒಂದು ತಾರೀಕಿನಿಂದ ಶುರು ಮಾಡಿದೆ. ಆ ಅಜ್ಜಿಯ ಕಥೆ ನಾಲ್ಕು ಸಾಲಿನಲ್ಲಿ ಬಂತು. ಗೃಹಲಕ್ಷ್ಮಿ ಸಮಯದಲ್ಲಿ ಎರಡು ತಿಂಗಳಲ್ಲಿ 88 ಮನೆಯ ಹೆಸರು ತಿದ್ದುಪಡಿ ಮಾಡಿಸಿದ್ದು ಬಂತು. ಒಂದು ಸಲ ನಮ್ಮ ಬಡಾವಣೆಗೆ ಹತ್ತು ದಿನ ನೀರು ಬರದೆ ಇದ್ದಾಗ 40 ಹೆಂಗಸರನ್ನು ಕರೆದುಕೊಂಡು ಹೋಗಿ, ಖಾಲಿ ಕೊಡ ಇಟ್ಟು ಕೂತು, ಎಷ್ಟು ಗಂಟೆಗೆ ಬಿಡುತ್ತೀರಿ ಅಂತ ಬರವಣಿಗೆಯಲ್ಲಿ ಬರೆಸಿಕೊಂಡು ಬಂದದ್ದು ಬಂತು. ಆ ಕಾಗದ ಈಗಲೂ ಮೂರನೇ ನೋಟ್‌ಬುಕ್ಕಿನಲ್ಲಿ ಪಿನ್ ಹಾಕಿ ಇಟ್ಟಿದ್ದಾರೆ.

ಕಷ್ಟ ಆಗಿದ್ದು ಅವರ ಷರತ್ತು. ಜೊತೆಗಿದ್ದವರ ಹೆಸರು.

ಲೆಕ್ಕ ಹಾಕಿದರೆ ಹನ್ನೊಂದು ಜನ. ಒಬ್ಬರು ಬೆಳಿಗ್ಗೆ ಐದಕ್ಕೆ ಹೋಗಿ ಆಧಾರ್ ಕೇಂದ್ರದ ಮುಂದೆ ಸಾಲು ಹಿಡಿಯುತ್ತಾರೆ, ಮಕ್ಕಳಿರುವ ಹೆಂಗಸರು ಆಮೇಲೆ ಬಂದು ಆ ಜಾಗಕ್ಕೆ ನಿಲ್ಲುತ್ತಾರೆ. ಒಬ್ಬರ ಜೆರಾಕ್ಸ್ ಅಂಗಡಿ, ಅಕ್ಕ ಕಳಿಸಿದವರ ಹತ್ತಿರ ದುಡ್ಡು ತಗೊಳ್ಳುವುದಿಲ್ಲ. ಒಬ್ಬರಿಗೆ ಓದು ಬರಹ ಇಲ್ಲ, ಆದರೆ ಯಾವ ಕಚೇರಿಯಲ್ಲಿ ಯಾವ ವಾರ ಸಾಹೇಬರು ಸಿಗುತ್ತಾರೆ ಅನ್ನುವುದು ಬಾಯಿಪಾಠ. ಒಬ್ಬರು ಬೇರೆಯವರು ಕಚೇರಿಗೆ ಹೋದಾಗ ಅವರ ಮಕ್ಕಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ಒಬ್ಬರು ನಿವೃತ್ತ ಟೀಚರ್, ಅಕ್ಷರ ಮುತ್ತಿನಂಥದ್ದು, ಮನವಿ ಪತ್ರ ಎಲ್ಲ ಅವರದೇ ಕೈ. ಒಬ್ಬರು ಆಶಾ ಕಾರ್ಯಕರ್ತೆ, ಯಾವ ಮನೆಯಲ್ಲಿ ಯಾರಿಗೆ ಏನು ಕಷ್ಟ ಅಂತ ಮೊದಲು ಗೊತ್ತಾಗುವುದು ಅವರಿಗೇ.

ಪದ್ಮ ಪ್ರಶಸ್ತಿಯ ಅರ್ಜಿ ಒಬ್ಬರ ಹೆಸರಿಗೆ. ಹನ್ನೊಂದು ಜನಕ್ಕೆ ಅಲ್ಲಿ ಜಾಗ ಇಲ್ಲ. ಮೇಷ್ಟ್ರು ಹೇಳಿದರು, ಹಾಗೆಲ್ಲ ಬರೆದರೆ ಅಕ್ಕನ ಕೆಲಸ ಸಣ್ಣದಾಗಿ ಕಾಣುತ್ತೆ, ಬಿಟ್ಟುಬಿಡಿ ಅಂತ. ಆಶಾ ಕಾರ್ಯಕರ್ತೆ ಆಗ ಒಂದು ಮಾತು ನೆನಪಿಸಿದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಲೋಬಲ್ ಹೆಲ್ತ್ ಲೀಡರ್ಸ್ ಪ್ರಶಸ್ತಿ ಕೊಟ್ಟಾಗ ಒಬ್ಬ ಆಶಾಗೆ ಕೊಡಲಿಲ್ಲ, ದೇಶದ ಹತ್ತು ಲಕ್ಷಕ್ಕೂ ಜಾಸ್ತಿ ಆಶಾಗಳಿಗೆ ಸೇರಿಸಿ ಕೊಟ್ಟಿತು. "ಅವತ್ತು ಟಿವಿಯಲ್ಲಿ ನೋಡಿ, ಇದು ನನಗೂ ಬಂದಿದೆ ಅಂತ ನನ್ನ ಮಗಳಿಗೆ ಹೇಳಿದ್ದೆ" ಅಂದರು. ಆಶಾಗಳು ಸರ್ಕಾರದ ಲೆಕ್ಕದಲ್ಲಿ ಸ್ವಯಂಸೇವಕಿಯರು, ಸಂಬಳ ಅಲ್ಲ ಗೌರವಧನ. ಗೌರವ ಅನ್ನುವ ಪದ ಹಾಕಿ ಕೊಡುವ ಆ ಹಣಕ್ಕಾಗಿ ಅವರು ಎಷ್ಟು ಸಲ ಬೀದಿಯಲ್ಲಿ ಕೂರಬೇಕಾಯಿತು ಅನ್ನುವುದು ಎಲ್ಲರಿಗೂ ಗೊತ್ತಿದೆ. ನನ್ನ ಪ್ರಕಾರ ಶಾಲಿಗಿಂತ ಮುಂಚೆ ಕೊಡಬೇಕಾದದ್ದು ಅದು, ಅದೂ ಸರಿಯಾದ ದಿನಕ್ಕೆ.

ಕೊನೆಗೆ ಎರಡು ನಿರ್ಧಾರ ಮಾಡಿದೆವು. ಪದ್ಮದ ಅರ್ಜಿಯಲ್ಲಿ ಒಂದು ಪ್ಯಾರಾ ಪೂರ್ತಿ ಆ ಹನ್ನೊಂದು ಜನಕ್ಕೆ, ಹೆಸರಿನ ಸಮೇತ. ಹತ್ತು ಹನ್ನೊಂದು ಜನರನ್ನು ಒಟ್ಟು ಹಾಕಿ ಇಷ್ಟು ವರ್ಷ ನಡೆಸುವುದೂ ಒಂದು ಸಾಧನೆಯೇ ಅಲ್ವಾ, ಅದನ್ನು ಮುಚ್ಚಿಡುವುದು ಯಾಕೆ. ಎರಡನೆಯದು, ಅವರೆಲ್ಲರಿಗೂ ನಾವೇ ಇಲ್ಲಿ ಒಂದು ಸನ್ಮಾನ ಮಾಡುವುದು. ಆ ಫಲಕದಂಥ ಸನ್ಮಾನ ಅಲ್ಲ.

ಗಣೇಶ ಹಬ್ಬ ಮುಗಿದ ಮೇಲೆ ಸೆಪ್ಟೆಂಬರ್ 11ರ ರಾತ್ರಿ ಪೋರ್ಟಲ್‌ನಲ್ಲಿ ಸಲ್ಲಿಸಿದೆವು. ಪಿಯುಸಿ ಹುಡುಗಿ ಟೈಪ್ ಮಾಡಿದಳು. ಮೇಷ್ಟ್ರ ಇಂಗ್ಲಿಷಿನಲ್ಲಿ 791 ಪದ. ಸಲ್ಲಿಕೆ ಆಯಿತು ಅಂತ ಪರದೆ ಮೇಲೆ ಬಂದ ಕೂಡಲೇ ಅಕ್ಕ ಕೇಳಿದ್ದು ಒಂದೇ. "ನಂಬರ್ ಬಂತಾ? ಬರ್ಕೊಂಡ್ರಾ?" ತಮ್ಮ ನಾಲ್ಕನೇ ನೋಟ್‌ಬುಕ್ ತೆಗೆದು ತಾರೀಕು ಹಾಕಿದರು. ಹೆಸರಿನ ಕಾಲಂನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಮ್ಮ ಹೆಸರು ಬರೆದರು. ಅಷ್ಟು ಪುಟಗಳಲ್ಲಿ ಅವರ ಹೆಸರು ಬಂದಿದ್ದು ಅದೇ ಮೊದಲು.

ಇನ್ನು ನಮ್ಮ ಸನ್ಮಾನ. ಡಿಸೆಂಬರ್ 5 ಅಂತ ಇಟ್ಟುಕೊಂಡೆವು. ಅದು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ವಿಶ್ವಸಂಸ್ಥೆ 1985ರಲ್ಲಿ ಗೊತ್ತು ಮಾಡಿದ್ದು. ಆ ವರ್ಷ ಗುರುವಾರ ಬಂದಿತ್ತು. ಭಾನುವಾರ ಇಟ್ಟುಕೊಳ್ಳಿ ಅಂತ ಗಂಡಸರೆಲ್ಲ ಹೇಳಿದರು. ಹೆಂಗಸರು ಬೇಡವೇ ಬೇಡ ಅಂದರು, ಭಾನುವಾರ ಮನೆಯಲ್ಲಿ ಎಲ್ಲರೂ ಇರುತ್ತಾರೆ, ಅವತ್ತೇ ಕೆಲಸ ಜಾಸ್ತಿ. ಮನೆಕೆಲಸ ಯಾರ ಪಾಲಿಗೆ ಎಷ್ಟು ಅಂತ ಕೇಂದ್ರ ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲೂ ಇದೆ. ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಐದು ಗಂಟೆ ಅಲ್ಲೇ ಹೋಯಿತು. ಇದರ ಮಧ್ಯೆ ಬೇರೆಯವರ ಅರ್ಜಿ ಹಿಡಿದು ಕಚೇರಿಗೆ ಹೋಗುವವರು ಸಮಯವನ್ನು ಎಲ್ಲಿಂದ ಕಿತ್ತು ತರುತ್ತಾರೆ ನೋಡಿ. ಗುರುವಾರ ಬೆಳಿಗ್ಗೆ 11ರಿಂದ 1 ಗಂಟೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ ಎಲ್ಲರೂ ಮನೆಗೆ. ಇದು ನಮ್ಮ ಮೊದಲ ನಿಯಮವಾಯಿತು.

ಮುಖ್ಯ ಅತಿಥಿ ಯಾರೂ ಬೇಡ. ವೇದಿಕೆಯಲ್ಲಿ ಹನ್ನೆರಡು ಕುರ್ಚಿ, ಅಕ್ಕ ಮತ್ತು ಹನ್ನೊಂದು ಜನ. ಮುಂದಿನ ಸಾಲಿನಲ್ಲಿ ಅವರ ಮನೆಯವರು. ಪ್ರತಿಯೊಬ್ಬರ ಬಗ್ಗೆ ಏಳೆಂಟು ಸಾಲು, ಅವರು ಏನು ಮಾಡಿದರು ಅಂತ. ಅದನ್ನು ಬರೆಯುವ ಮುಂಚೆ ಅವರ ಮನೆಗೆ ಹೋಗಿ ಕೇಳುವುದು, ಬರೆದ ಮೇಲೆ ಓದಿ ಹೇಳಿ ಒಪ್ಪಿಗೆ ಪಡೆಯುವುದು, ಹೆಸರು ಇನಿಷಿಯಲ್ ಸಮೇತ ಅವರೇ ನೋಡುವುದು. ಅದನ್ನೇ ಟೀಚರ್ ಕೈಯಲ್ಲಿ ಬರೆಸಿ ಫ್ರೇಮ್ ಹಾಕಿಸುವುದು. ವೇದಿಕೆ ಮೇಲೆ ಓದುವವರು ಅವರಿಂದ ಸಹಾಯ ಪಡೆದ ಯಾರಾದರೂ ಒಬ್ಬರು.

ಕೇಳಲು ಸುಲಭ, ಆದರೆ ಹೆಂಗಸರಿಂದ ಅವರ ಕೆಲಸ ಹೇಳಿಸುವುದು ಇದೆಯಲ್ಲ, ಅದು ಕಷ್ಟ. ಮಕ್ಕಳನ್ನು ನೋಡಿಕೊಳ್ಳುವ ಅಮ್ಮನ ಮನೆಗೆ ನಾನು ಮೂರು ಸಲ ಹೋದೆ. "ಅದೇನು ಕೆಲಸ ಬಿಡಿ, ಮಕ್ಕಳು ಆಡ್ಕೊಂಡಿರ್ತವೆ" ಅನ್ನುತ್ತಿದ್ದರು. ಎಷ್ಟು ಮಕ್ಕಳು ಅಂದರೆ ಗೊತ್ತಿಲ್ಲ ಅನ್ನುತ್ತಿದ್ದರು. ಕೊನೆಗೆ ಒಂದೊಂದೇ ಮಗುವಿನ ಹೆಸರು ಹೇಳಿ ಅಂದೆ. ಕಣ್ಣು ಮುಚ್ಚಿ ಹೇಳುತ್ತಾ ಹೋದರು. ಯಾವ ಮಗುವಿಗೆ ಜ್ವರ ಇತ್ತು, ಯಾವುದು ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡಿತ್ತು, ಯಾವುದು ಈಗ ಇಂಜಿನಿಯರಿಂಗ್ ಓದುತ್ತಿದೆ. 74 ಹೆಸರಾಯಿತು.

ಕಾರ್ಯಕ್ರಮದ ದಿನ ಅವರ ಸಾಲುಗಳನ್ನು ಓದಲು ಬಂದವನು ಆ 74ರಲ್ಲಿ ಒಬ್ಬ, ಈಗ ಎತ್ತರದ ಹುಡುಗ, ಮೈಕ್ ಹಿಡಿದ ಕೈ ನಡುಗುತ್ತಿತ್ತು. "2009ರಿಂದ ಈವರೆಗೆ 74 ಮಕ್ಕಳನ್ನು" ಅಂತ ಓದಿದ. ಕುರ್ಚಿಯಿಂದ ಆ ಅಮ್ಮ, "75" ಅಂದರು. ಸಭೆ ನಿಶ್ಶಬ್ದ. "ಇನ್ನೊಂದು ಮಗು ನೆನಪಾಯ್ತು, ರಾತ್ರಿ. ಅವರಮ್ಮ ಆಸ್ಪತ್ರೆಲಿದ್ರು, ನಾಲ್ಕು ದಿನ ನಮ್ಮನೇಲೇ ಇತ್ತು." ಟೀಚರ್ ಎದ್ದು ಬಂದು ಫ್ರೇಮಿನ ಹಿಂದಿನ ಮೊಳೆ ಬಿಡಿಸಿ, ಹಾಳೆ ತೆಗೆದು, ಎಲ್ಲರ ಮುಂದೆ ಪೆನ್ನಿನಲ್ಲಿ 74 ಹೊಡೆದು 75 ಬರೆದರು. ಮುಂದಿನ ಸಾಲಿನಲ್ಲಿ ಅವರ ಯಜಮಾನರು ಕೂತಿದ್ದರು. ಅವರು ಮಡಿಲಲ್ಲಿ ಕೈ ಇಟ್ಟುಕೊಂಡು ಬೆರಳು ಮಡಿಸುತ್ತಾ ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು, "ನನಗೆ ಇಷ್ಟು ಅಂತ ಗೊತ್ತಿರಲಿಲ್ಲ" ಅಂದರು. ಒಂದೇ ಮನೆಯಲ್ಲಿ ಇದ್ದು.

ಅಂಥದ್ದು ಒಂದೆರಡಲ್ಲ. ಸಾಲು ಹಿಡಿಯುವವರ ಬಗ್ಗೆ ಓದುವಾಗ ಹಿಂದಿನಿಂದ ಯಾರೋ "ನನಗೂ ಹಿಡಿದಿದ್ರು" ಅಂತ ಕೂಗಿದರು, ಆಮೇಲೆ ಇನ್ನೊಬ್ಬರು, ಇನ್ನೊಬ್ಬರು. ಓದು ಬಾರದ ಆ ಅಕ್ಕ ತಮ್ಮ ಫ್ರೇಮನ್ನು ಮಗಳ ಕೈಯಲ್ಲಿ ಅಲ್ಲೇ ಎರಡು ಸಲ ಓದಿಸಿಕೊಂಡರು. ಶಾಲು, ಹಾರ ಎಲ್ಲ ಇತ್ತು, ಅದು ಬೇಡ ಅಂತ ನಾನು ಹೇಳುವುದಿಲ್ಲ, ಶಾಲು ಹೊದಿಸಿದಾಗ ಅವರ ಮುಖದಲ್ಲಿ ಸಂತೋಷ ಇತ್ತು. ಆದರೆ ಮನೆಗೆ ಹೋಗುವಾಗ ಶಾಲನ್ನು ಚೀಲಕ್ಕೆ ಹಾಕಿಕೊಂಡರು, ಫ್ರೇಮನ್ನು ಮಾತ್ರ ಎಲ್ಲರೂ ಎದೆಗೆ ಒತ್ತಿಕೊಂಡು ಹೋದರು. 1 ಗಂಟೆಗೆ ಹತ್ತು ನಿಮಿಷ ಇರುವಾಗಲೇ ಮುಗಿಯಿತು.

2025ರ ಜನವರಿ 25ರ ಸಂಜೆ ಅಕ್ಕನ ಮನೆಯಲ್ಲೇ ಎಲ್ಲರೂ ಸೇರಿದ್ದೆವು. ಪಟ್ಟಿ ಬಂತು. 139 ಹೆಸರು. ಹುಡುಗಿ ಮೊಬೈಲಿನಲ್ಲಿ ಕರ್ನಾಟಕದ ಹೆಸರುಗಳನ್ನು ಓದಿದಳು. ಅಕ್ಕನ ಹೆಸರು ಇರಲಿಲ್ಲ. ನನಗೆ ಗಂಟಲು ಕಟ್ಟಿತು, ಸುಳ್ಳು ಯಾಕೆ ಹೇಳಲಿ. ಅಕ್ಕ ಮಾತ್ರ "ಹೆಂಗಸರು ಯಾರ್ಯಾರಿದ್ದಾರೆ, ಅದನ್ನ ಓದು" ಅಂದರು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ, ತೊಗಲುಗೊಂಬೆ ಆಡಿಸುವವರು, ವಯಸ್ಸು 96. ಕಲಬುರಗಿಯ ಕ್ಯಾನ್ಸರ್ ಡಾಕ್ಟರ್ ವಿಜಯಲಕ್ಷ್ಮಿ ದೇಶಮಾನೆ. ಇಬ್ಬರಿಗೂ ಪದ್ಮಶ್ರೀ. 96 ಅಂದ ಕೂಡಲೇ ಅಕ್ಕ ಕೈ ಮುಗಿದರು. ದೇಶಕ್ಕೆಲ್ಲ ಸೇರಿ ಹೆಂಗಸರು ಎಷ್ಟು ಅಂತ ಕೇಳಿದರು. 23 ಅಂದಳು ಹುಡುಗಿ.

"139ಕ್ಕೆ 23. ಕಮ್ಮಿ ಆಯ್ತು" ಅಂದರು ಅಕ್ಕ. ಸ್ವಲ್ಪ ಹೊತ್ತು ಬಿಟ್ಟು, "ಅರ್ಜಿ ಹಾಕೋರು ಕಮ್ಮಿ ಇರಬೇಕು. ಈ ಸಲ ಬೇರೆ ಯಾರದ್ದು ಹಾಕೋಣ?"

ಟೀಚರ್‌ದು ಅಂತ ಒಬ್ಬರು, ಆಶಾ ಕಾರ್ಯಕರ್ತೆಯದು ಅಂತ ಇನ್ನೊಬ್ಬರು. ಪದ್ಮಕ್ಕೇ ಹಾಕಬೇಕು ಅಂತೇನೂ ಇಲ್ಲ, ರಾಜ್ಯೋತ್ಸವ ಪ್ರಶಸ್ತಿ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಇದೆ, ಯಾವುದಕ್ಕೆ ಯಾವ ನಿಯಮ ಅಂತ ನೋಡೋಣ ಅಂತ ಮಾತು ಬೆಳೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಹುಡುಗಿ ಮಗು ಎತ್ತಿಕೊಂಡು ನಿಂತಿದ್ದಳು. ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಬೇಕಂತೆ. ಅಕ್ಕ ಅವಳನ್ನು ಕೂರಿಸಿ, ಕಾಗದ ನೋಡಿ, ಸೋಮವಾರ ಹೋಗೋಣ, ಇವರೂ ಬರ್ತಾರೆ ಅಂತ ಸಾಲು ಹಿಡಿಯುವವರ ಕಡೆ ಕೈ ತೋರಿಸಿದರು.

ಆಮೇಲೆ ನೋಟ್‌ಬುಕ್ ತೆಗೆದರು. ಹೊಸ ಪುಟ. ಸ್ಕೇಲ್ ಇಟ್ಟು ಎಂದಿನಂತೆ ನಾಲ್ಕು ಕಾಲಂ ಎಳೆದರು, ತಾರೀಕು, ಹೆಸರು, ಕೆಲಸ, ಸ್ವೀಕೃತಿ ಸಂಖ್ಯೆ. ಸ್ಕೇಲ್ ಸರಿಸಿ ಇನ್ನೊಂದು ಗೆರೆ ಎಳೆದರು. ಜಾಗ ಸಾಲದೆ ಅಂಚಿಗೆ ಬಂತು. ಅದರ ತಲೆಯ ಮೇಲೆ ಸಣ್ಣದಾಗಿ "ಜೊತೆಗೆ ಹೋದವರು" ಅಂತ ಬರೆದರು.